ಒಂದೇ ಎನ್ನಲು ಒಂದು ಗುರುತು

ಬಳ್ಳಾರಿ ನಗರದ ಪಕ್ಕದ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನ ಕರಿಕಲ್ಲಿನ ಕೊಡಲಿ ಮಾಡುತ್ತಿದ್ದರು. ಅಲ್ಲಿ ಸಿಕ್ಕ ಕಲ್ಲುಗಳಲ್ಲಿ ಕೆಲವು ಬರೀ ಚಕ್ಕೆ ಎಬ್ಬಿಸಿದವು, ಕೆಲವು ಕುಟ್ಟಿ ಸಮ ಮಾಡಿದವು, ಕೆಲವು ಉಜ್ಜಿ ನುಣುಪಾಗಿಸಿದವು. ಇವು ಮೂರು ಬಗೆಯ ಉಪಕರಣಗಳೋ, ಒಂದೇ ಕೊಡಲಿಯ ಮೂರು ಹಂತಗಳೋ? ಉತ್ತರ ಅರ್ಧ ಕಲ್ಲಿನಲ್ಲಿದೆ, ಇನ್ನರ್ಧ ನೋಡುವವರಲ್ಲಿ. ಆ ಇನ್ನರ್ಧವನ್ನು ಕಾಗದದಲ್ಲಿ ಗುರುತು ಹಾಕಲು ಪುರಾತತ್ವಕ್ಕೆ ಬಹಳ ಕಾಲ ಹಿಡಿಯಿತು.

ಬಳ್ಳಾರಿ ಸೀಮೆಯನ್ನು ಅಲೆದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ತಮ್ಮ ಸಂಗ್ರಹವನ್ನು 1904ರಲ್ಲಿ ಮದ್ರಾಸ್ ಮ್ಯೂಸಿಯಂಗೆ ಮಾರಿದರು. ಅದರ ಪಟ್ಟಿ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1914ರಲ್ಲಿ. ವಸ್ತುವಿಗೊಂದು ಸಂಖ್ಯೆ, ಅದು ಸಿಕ್ಕ ಊರಿನ ಹೆಸರು. ಯಾವುದು ಯಾವುದನ್ನು ಹೋಲುತ್ತದೆ ಎಂಬುದು ವಿವರಣೆಯ ಮಾತಿಗೆ ಬಿಟ್ಟ ಸಂಗತಿಯಾಗಿತ್ತು.

1947ರಲ್ಲಿ ಬ್ರಹ್ಮಗಿರಿಯಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದಾಗ ಸಂಖ್ಯೆಯ ಕೆಲಸವೇ ಬೇರೆಯಾಯಿತು. ಮಡಕೆಯ ಆಕಾರಕ್ಕೆ ಒಂದು ನಂಬರು; ಅದೇ ಆಕಾರದ ಚೂರು ಎಲ್ಲೇ ಸಿಗಲಿ, ಅದೇ ನಂಬರು. ಬಿ. ಸುಬ್ಬರಾವ್ ಅವರ ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳ ಪುಸ್ತಕ 1948ರಲ್ಲಿ ಬಂತು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಉತ್ಖನನದ ಬಗ್ಗೆ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ 1965ರಲ್ಲಿ ಬರೆದರು. ಅಷ್ಟರಲ್ಲಿ ಅಮೆರಿಕದಲ್ಲಿ ಪುರಾತತ್ವಜ್ಞರಾದ ಸ್ಪಾಲ್ಡಿಂಗ್ ಮತ್ತು ಫೋರ್ಡ್ ನಡುವೆ ಜಗಳ ನಡೆದಿತ್ತು (1953–54): ನಾವು ವಿಂಗಡಿಸುವ ಬಗೆಗಳು ವಸ್ತುಗಳಲ್ಲೇ ಇದ್ದು ನಮಗೆ ಸಿಗುತ್ತವೆಯೋ, ನಾವೇ ಕೊಯ್ದು ಮಾಡಿಕೊಂಡವೋ? ನನ್ನ ಒಲವು ಫೋರ್ಡ್ ಕಡೆಗೆ. ಹಿರೇಗುಡ್ಡದ ಕಲ್ಲು ನೋಡಿದವರಿಗೆ ಬೇರೆ ದಾರಿ ಕಡಿಮೆ.

ಮಣ್ಣಿನ ಬಣ್ಣದ ವಿಷಯದಲ್ಲಿ ಮನ್ಸೆಲ್ ಪಟ್ಟಿ ಕಣ್ಣಿಗೆ ಲಗಾಮು ಹಾಕಿತು. ಒಬ್ಬರು ಕಂದು ಎಂದದ್ದನ್ನು ಇನ್ನೊಬ್ಬರು ಕೆಂಪು ಎನ್ನುವ ಬದಲು ಇಬ್ಬರೂ '10 ವೈಆರ್ 5/3' ಎಂದು ಬರೆದರಾಯಿತು. 1973ರಲ್ಲಿ ಎಡ್ವರ್ಡ್ ಹ್ಯಾರಿಸ್ ರೂಪಿಸಿದ, ಪದರಗಳ ಕ್ರಮ ತೋರಿಸುವ ಮ್ಯಾಟ್ರಿಕ್ಸ್‌ನಲ್ಲಿ ಸಮ ಚಿಹ್ನೆಯೇ (=) ಬಂತು: ಗುಂಡಿ ತೋಡಿದ್ದರಿಂದ ಎರಡಾದ ಪದರ ಮೊದಲು ಒಂದೇ ಆಗಿತ್ತು ಎಂಬ ತೀರ್ಮಾನಕ್ಕೆ.

ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಸಸ್ಯಾವಶೇಷ ಪರೀಕ್ಷಿಸುವವರ ಪುಟ್ಟ ಗುರುತು, 'ಸಿ.ಎಫ್.' ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಸಂಗನಕಲ್ಲು, ತೆಕ್ಕಲಕೋಟೆ, ಕುರುಗೋಡು ಮೊದಲಾದ ನೆಲೆಗಳ ಕಾಳುಗಳ ಬಗ್ಗೆ 2004ರಲ್ಲಿ ಪ್ರಕಟಿಸಿದರು. ಇಂಥ ಕೆಲಸದಲ್ಲಿ ಅಗೆದ ಮಣ್ಣನ್ನು ನೀರಿಗೆ ಹಾಕಿ ಕಲಕುತ್ತಾರೆ. ತೇಲಿದ ಕರಿಕನ್ನು ಸೋಸಿ ಒಣಗಿಸಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಹುರುಳಿ, ಕೊರಲೆ ಗುರುತು ಸಿಕ್ಕಾವು. ಸುಟ್ಟು ಸಿಪ್ಪೆ ಕಳೆದುಕೊಂಡ ಹೆಸರುಕಾಳನ್ನೂ ಉದ್ದಿನಕಾಳನ್ನೂ ಬೇರ್ಪಡಿಸುವುದು ಮಾತ್ರ ಸಾಹಸವೇ. ಬೇಳೆಯ ಒಳಮೈಯಲ್ಲಿ ಮೊಳಕೆಯ ಅಚ್ಚು ನೀಳವಾಗಿದ್ದರೆ ಹೆಸರು, ಮೋಟಾಗಿದ್ದರೆ ಉದ್ದು. ಬೇಳೆ ಮುರಿದಿದ್ದರೆ? ಆಗ ಸಸ್ಯನಾಮದ ಜೊತೆ 'ಸಿ.ಎಫ್.' ಬರುತ್ತದೆ: ಇದನ್ನು ಹೋಲುತ್ತದೆ, ಇದೇ ಎಂದು ಹೇಳಲಾರೆ. ನೋಡುವವರು ತಮ್ಮ ಸಂಶಯವನ್ನು ಲೆಕ್ಕದೊಳಗೇ ಕೂರಿಸಿದ್ದು ಇಲ್ಲಿ. ಆ ಕಾಳಿಗೆ ಪಟ್ಟಿಯಲ್ಲಿ ಪ್ರತ್ಯೇಕ ಸಾಲು. ನಾಳೆ ಯಾರಾದರೂ ಹೆಚ್ಚು ಮಾದರಿ ಬೀಜಗಳನ್ನಿಟ್ಟುಕೊಂಡು ನೋಡಿದರೆ ಅದನ್ನು ಖಚಿತವಾಗಿ ಗುರುತಿಸಿದ ಕಾಳಿನ ಸಾಲಿಗೆ ಸೇರಿಸಬಹುದು, ಇಲ್ಲವೇ ತೆಗೆದುಹಾಕಬಹುದು. ಪಟ್ಟಿಯನ್ನು ಚಿಕ್ಕದಾಗಿಸುವ ಭರದಲ್ಲಿ ಎರಡು ಸಾಲನ್ನು ಕೂಡಿಸಿಬಿಟ್ಟರೆ ಆ ಅವಕಾಶವೂ ಹೋಯಿತು.