ಬಂಧುಗಳ ಮನೆಗೆ, ದೋರಸಮುದ್ರದ ಹಾದಿಯಲ್ಲಿ

ಧರ್ಮಸಭೆಯ ಚರಿತ್ರೆಯನ್ನು ಬೋಧಿಸುವಾಗ ನಾವು ಸಾಮಾನ್ಯವಾಗಿ ಮಹಾಸಭೆಗಳಿಂದ, ಆಜ್ಞಾಪತ್ರಗಳಿಂದ, ಧರ್ಮಾಧ್ಯಕ್ಷರ ಪರಂಪರೆಯಿಂದ ಆರಂಭಿಸುತ್ತೇವೆ. ವಿಶ್ವಾಸವು ಒಂದು ಮನೆಯಿಂದ ಇನ್ನೊಂದು ಮನೆಗೆ, ತಾಯಿಯಿಂದ ಮಗಳಿಗೆ ಸಾಗಿದ ಬಗೆಯನ್ನು ವಿಚಾರಿಸುವುದು ವಿರಳ. ಕಳೆದ ಬೇಸಿಗೆಯ ರಜೆಯಲ್ಲಿ ತಾಯಿ ಹಾಗೂ ಒಡಹುಟ್ಟಿದವರೊಡನೆ ಹಾಸನ ಜಿಲ್ಲೆಯ ಬಂಧುಗಳನ್ನು ಕಾಣಲು ಹೊರಟಾಗ ಈ ಕೊರತೆ ನಮಗೆ ಸ್ಪಷ್ಟವಾಯಿತು. ಆ ಪ್ರಯಾಣದಲ್ಲಿ ಕಂಡುದನ್ನು ಓದುಗರ ಚಿಂತನೆಗಾಗಿ ಇಲ್ಲಿ ನಿರೂಪಿಸುತ್ತೇವೆ.

ಅರಸೀಕೆರೆಯಲ್ಲಿ ರೈಲಿನಿಂದ ಇಳಿದು, ಅಲ್ಲಿನ ಬಂಧುಗಳ ಮನೆಯಲ್ಲಿ ರಾತ್ರಿ ತಂಗಿ, ಮರುದಿನ ಹಳೇಬೀಡನ್ನು ಸೇರಿದೆವು. ಹೊಯ್ಸಳರ ರಾಜಧಾನಿ ದೋರಸಮುದ್ರವೇ ಇಂದಿನ ಹಳೇಬೀಡು. 1311ರಲ್ಲಿ ಮಲಿಕ್ ಕಾಫೂರನ ದಂಡಯಾತ್ರೆಗೆ ಸಿಕ್ಕಿ ನಲುಗಿದ ಈ ನಗರ ಮುಂದೆ ತನ್ನ ವೈಭವವನ್ನು ಮರಳಿ ಪಡೆಯಲಿಲ್ಲ. 2023ರಲ್ಲಿ ಬೇಲೂರು ಮತ್ತು ಸೋಮನಾಥಪುರಗಳೊಡನೆ ಇಲ್ಲಿನ ದೇವಾಲಯವೂ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಪ್ರವಾಸಿಗರ ಸಂದಣಿಯೆಲ್ಲ ಹೊಯ್ಸಳೇಶ್ವರನ ಸನ್ನಿಧಿಯಲ್ಲಿಯೇ. ಸಮೀಪದ ಬಸ್ತಿಹಳ್ಳಿಯಲ್ಲಿ ನಮ್ಮ ಹೊರತು ಯಾರೂ ಇರಲಿಲ್ಲ. ಅಲ್ಲಿನ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಬೊಪ್ಪದೇವನು ತನ್ನ ತಂದೆ, ದಂಡನಾಯಕ ಗಂಗರಾಜನ ನೆನಪಿಗಾಗಿ ಕಟ್ಟಿಸಿದನು. ಬೇಲೂರಿನ ಚೆನ್ನಕೇಶವ ದೇವಾಲಯವನ್ನು 1117ರಲ್ಲಿ ಪ್ರತಿಷ್ಠಾಪಿಸಿದ ವಿಷ್ಣುವರ್ಧನನ ರಾಣಿ ಶಾಂತಲೆಯೇ ಶ್ರವಣಬೆಳಗೊಳದಲ್ಲಿ ಜಿನಾಲಯವನ್ನು ಕಟ್ಟಿಸಿದವಳು. ರಾಜರ ಯುದ್ಧಗಳನ್ನು ಓದುವ ನಾವು ಈ ಕಲ್ಲುಗಳಲ್ಲಿ ತಂದೆಯನ್ನು ನೆನೆದ ಮಗನನ್ನೂ, ಒಂದೇ ಸೂರಿನಡಿ ನಡೆದ ಬೇರೆಬೇರೆ ಆರಾಧನೆಗಳನ್ನೂ ಓದಬೇಕು. ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿದ ಮಾತಿಗೆ ನಮ್ಮ ನೆರೆಹೊರೆಯಲ್ಲಿಯೇ ಇಂಥ ಪಾಠಶಾಲೆಯಿದೆ.

ಹಳೇಬೀಡಿನಿಂದ ಸ್ವಲ್ಪ ದೂರದಲ್ಲಿ ಹುಲಿಕೆರೆ ಎಂಬ ಹಳ್ಳಿ. ಅಲ್ಲಿ ಹೊಯ್ಸಳರ ಕಾಲದ ಮೆಟ್ಟಿಲು ಕಲ್ಯಾಣಿಯೊಂದಿದೆ. ಸುತ್ತಲೂ ಪುಟ್ಟ ಪುಟ್ಟ ಗುಡಿಗಳು, ಕೆಳಗೆ ನೀರು. ಸೋದರತ್ತೆಯವರು ಮೇಲಿನ ಮೆಟ್ಟಿಲಿನ ಮೇಲೆ ಕುಳಿತು ಬಹಳ ಹೊತ್ತು ಮೌನವಾಗಿದ್ದರು. ಕೊನೆಗೆ, "ಇವರ ಕಲ್ಯಾಣಿಯಲ್ಲಿ ನೀರು ಕೆಳಗಿದೆ. ನಮ್ಮೂರಿನಲ್ಲಿ ನೀರು ದೇವಾಲಯದ ಒಳಗೇ ಬಂತು" ಎಂದರು. ಅವರು ಹುಟ್ಟಿದ್ದು ಶೆಟ್ಟಿಹಳ್ಳಿಯಲ್ಲಿ.

ಶೆಟ್ಟಿಹಳ್ಳಿಯ ಕಥೆಗೆ ಮುನ್ನ ಸತ್ತಿಹಳ್ಳಿಯ ಕಥೆಯನ್ನು ಹೇಳಬೇಕು. 1799ರಲ್ಲಿ ಶ್ರೀರಂಗಪಟ್ಟಣದ ಪತನದ ನಂತರ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು ಪ್ಯಾರಿಸ್ ವಿದೇಶ ಮಿಷನ್ ಸಂಘದ ಗುರು ಅಬ್ಬೆ ದುಬೊವಾ. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಅವರು ಕ್ರೈಸ್ತ ಕೃಷಿಕರ ನೆಲೆಯೊಂದನ್ನು ಸ್ಥಾಪಿಸಿದರು. ಸಿಡುಬಿನ ಲಸಿಕೆಯನ್ನು ಜನರಲ್ಲಿ ಪ್ರಚಾರಪಡಿಸಿದರು. ಹಿಂದೂಗಳ ಆಚಾರವಿಚಾರಗಳನ್ನು ಕುರಿತ ಅವರ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಆದರೆ 1823ರಲ್ಲಿ ಭಾರತವನ್ನು ಬಿಟ್ಟ ವರ್ಷವೇ ಪ್ರಕಟವಾದ ಪತ್ರಗಳಲ್ಲಿ, ಈ ದೇಶದ ಜನ ಕ್ರಿಸ್ತವಿಶ್ವಾಸಕ್ಕೆ ಬರುವ ಸಾಧ್ಯತೆಯೇ ಇಲ್ಲವೆಂಬ ನಿರಾಶೆಯನ್ನು ಅವರು ತೋಡಿಕೊಂಡರು. ಮೂರು ದಶಕಗಳ ಸೇವೆಯ ಕೊನೆಯಲ್ಲಿ ಬರೆದ ಈ ಮಾತನ್ನು ಲಘುವಾಗಿ ಕಾಣಲಾಗದು. ಗುರುಗಳಾದ ನಮ್ಮಲ್ಲಿ ಎಷ್ಟೋ ಮಂದಿ ಇದನ್ನು ಬರೆಯದಿದ್ದರೂ ಒಳಗೊಳಗೇ ನುಡಿದುಕೊಂಡಿರುತ್ತೇವೆ.

ಸತ್ತಿಹಳ್ಳಿಯ ಬಂಧುಗಳ ಮನೆಯಲ್ಲಿ ಆ ಸಂಜೆ ಜಪಸರ ಪ್ರಾರ್ಥನೆ ನಡೆಯಿತು. ಎಂಬತ್ತು ದಾಟಿದ ಅಜ್ಜಿ ಆರಂಭಿಸಿದರೆ ಶಾಲೆಗೆ ಹೋಗುವ ಮೊಮ್ಮಗ ಉತ್ತರಿಸುತ್ತಿದ್ದ. ದುಬೊವಾ ಅವರ ಹೆಸರನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅವರು ಲೆಕ್ಕ ಹಾಕಿದ್ದು ಹೊಸದಾಗಿ ಬರುವವರನ್ನು. ಉಳಿಯುವವರ ಲೆಕ್ಕ ಅವರ ಪತ್ರಗಳಿಗೆ ಸಿಕ್ಕಿರಲಿಲ್ಲ. ಅವರು ಸೋತೆನೆಂದು ತಿಳಿದು ಹಡಗು ಹತ್ತಿದ ಎರಡು ಶತಮಾನಗಳ ಬಳಿಕವೂ, ಅವರು ನೆಲೆಗೊಳಿಸಿದ ಊರಿನಲ್ಲಿ ಕನ್ನಡದ ಜಪಸರ ನಿಂತಿಲ್ಲ.

ಕೊನೆಯ ದಿನ ಶೆಟ್ಟಿಹಳ್ಳಿ. 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಗಾಥಿಕ್ ಶೈಲಿಯಲ್ಲಿ ಕಟ್ಟಿದ ಜಪಸರ ಮಾತೆಯ ದೇವಾಲಯ ಇಲ್ಲಿದೆ. ಗೊರೂರಿನಲ್ಲಿ ಹೇಮಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಊರು ಮುಳುಗಿತು, ಜನ ಬೇರೆಡೆಗೆ ಹೋದರು. ಮಳೆಗಾಲದಲ್ಲಿ ಕಮಾನುಗಳು ಅರ್ಧ ನೀರಿನಲ್ಲಿ ನಿಲ್ಲುತ್ತವೆ. ಬೇಸಿಗೆಯಲ್ಲಿ ಒಳಗೆ ನಡೆದು ಹೋಗಬಹುದು. ಚಾವಣಿಯಿಲ್ಲದ ಗೋಡೆಗಳ ನಡುವೆ ಯುವಕಯುವತಿಯರು ಛಾಯಾಚಿತ್ರ ತೆಗೆಸಿಕೊಳ್ಳುತ್ತಿದ್ದರು. ಅತ್ತೆಯವರು ಒಂದು ಮೂಲೆಯಲ್ಲಿ ನಿಂತು, "ನನಗೆ ಜ್ಞಾನಸ್ನಾನವಾದದ್ದು ಇಲ್ಲಿ. ಸ್ವಾಮಿ, ಇದು ಇನ್ನೂ ದೇವಾಲಯವೇ?" ಎಂದು ಕೇಳಿದರು.

ನಾವು ಅಧ್ಯಾಪಕರಂತೆ ಉತ್ತರಿಸಿದೆವು. 1983ರ ಧರ್ಮಸಭಾ ಕಾನೂನು ಸಂಹಿತೆಯ 1212ನೆಯ ವಿಧಿಯ ಪ್ರಕಾರ, ಬಹುಭಾಗ ನಾಶವಾದ ಪವಿತ್ರ ಸ್ಥಳ ತನ್ನ ಪ್ರತಿಷ್ಠೆಯನ್ನು ಕಳೆದುಕೊಳ್ಳುತ್ತದೆ ಎಂದೆವು. ಉತ್ತರ ಸರಿಯಾಗಿತ್ತು. ಅತ್ತೆಯವರು ತಲೆಯಾಡಿಸಿ, ಸೆರಗನ್ನು ತಲೆಯ ಮೇಲೆಳೆದುಕೊಂಡು, ನೆಲವನ್ನು ಮುಟ್ಟಿ ಶಿಲುಬೆಯ ಗುರುತು ಮಾಡಿಕೊಂಡರು. ಅವರು ಕೇಳಿದ್ದು ಕಟ್ಟಡದ ಸ್ಥಾನಮಾನವನ್ನಲ್ಲವೆಂದು ನಮಗೆ ಆಗ ತಿಳಿಯಿತು. ತಾನು ಹುಟ್ಟಿದ ವಿಶ್ವಾಸದ ಮನೆ ಲೆಕ್ಕದಲ್ಲಿ ಇದೆಯೇ ಎಂದು ಅವರು ಕೇಳಿದ್ದರು.

ಸಂತ ಯೊವಾನ್ನರ ಶುಭಸಂದೇಶದ ನಾಲ್ಕನೆಯ ಅಧ್ಯಾಯದಲ್ಲಿ ಸಮಾರಿಯಾದ ಸ್ತ್ರೀ ಕೇಳುವುದೂ ಸ್ಥಳದ ಪ್ರಶ್ನೆಯನ್ನೇ: ಆರಾಧನೆ ಈ ಬೆಟ್ಟದಲ್ಲೋ, ಜೆರುಸಲೇಮಿನಲ್ಲೋ? ಯೇಸು ಆರಾಧನೆಯನ್ನು ಎರಡಕ್ಕೂ ಕಟ್ಟಿಹಾಕಲಿಲ್ಲ. ಆದರೆ ಆ ಮಾತನ್ನು ಅವರು ಹೇಳಿದ್ದು ಅವಳ ಪೂರ್ವಜರ ಬಾವಿಯ ಬಳಿ ಕುಳಿತು, ಅವಳಿಂದ ನೀರು ಬೇಡಿದ ಮೇಲೆ. ನಾವು ಮೊದಲು ಕುಳಿತುಕೊಳ್ಳಬೇಕಿತ್ತು. ವಿಧಿಯ ಸಂಖ್ಯೆ ಆಮೇಲೆ ಬರಬಹುದಿತ್ತು.

ಧರ್ಮಕೇಂದ್ರಗಳಿಗೆ ತೆರಳಲಿರುವ ಗುರು ಅಭ್ಯರ್ಥಿಗಳಲ್ಲಿ ನಮ್ಮ ವಿನಂತಿ ಇಷ್ಟೆ. ದಾಖಲೆ ಪುಸ್ತಕಗಳನ್ನು ಗೆದ್ದಲಿನಿಂದ ಕಾಪಾಡಿರಿ. ಅದರೊಡನೆ ಹಿರಿಯರ ಮನೆಗಳಿಗೂ ಹೋಗಿರಿ. ಎಲ್ಲಿಂದ ಬಂದರು, ಯಾವ ಊರನ್ನು ಕಳೆದುಕೊಂಡರು ಎಂದು ಕೇಳಿ ಬರೆದಿಡಿರಿ. ಹೊಯ್ಸಳರಿಗೆ ಶಾಸನ ಬರೆಯುವವರಿದ್ದರು. ಶೆಟ್ಟಿಹಳ್ಳಿಯ ಮನೆಮಂದಿಗೆ ನಾವೇ ಇದ್ದೇವೆ. ಮನೆಗೆ ಮರಳಿದ ರಾತ್ರಿ ಅತ್ತೆಯವರು ಹೇಳಿದ ಹೆಸರುಗಳನ್ನು ನಾವೂ ಬರೆದುಕೊಳ್ಳತೊಡಗಿದೆವು. ಮೊದಲ ಪುಟ ತುಂಬಿದೆ.