ಕುವೈತಿನ ನೀರು, ಕೆಟಲ್‌ನ ಸುಣ್ಣ

ಕುವೈತಿನಲ್ಲಿ ಹರಿಯುವ ನದಿಯಿಲ್ಲ. ನಲ್ಲಿಯಲ್ಲಿ ಬರುವ ನೀರಿನ ಬಹುಪಾಲು ಕಡಲಿನದೇ, ಉಪ್ಪು ತೆಗೆದು ಸಿಹಿ ಮಾಡಿದ್ದು. ಆದರೂ ಸಾಲ್ಮಿಯಾದ ಫ್ಲ್ಯಾಟಿನಲ್ಲಿ ಬೆಳಗಿನ ಚಹಾಕ್ಕೆ ಇಡುವ ಎಲೆಕ್ಟ್ರಿಕ್ ಕೆಟಲ್‌ನ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಉಪ್ಪು ತೆಗೆದ ನೀರಿನಲ್ಲಿ ಈ ಸುಣ್ಣ ಎಲ್ಲಿಂದ ಬಂತು?

ಉತ್ತರಕ್ಕೆ ಒಂದು ಶತಮಾನ ಹಿಂದೆ ಹೋಗಬೇಕು. ಊರು ಬೆಳೆದಂತೆ ಕುವೈತಿನ ಬಾವಿಗಳು ಸಾಲದಾದವು, ಹಲವು ಸವುಳಾದವು. ಆಗ ಹಾಯಿಹಡಗುಗಳು ಷಟ್ ಅಲ್ ಅರಬ್ ನದಿಯಿಂದ ಸಿಹಿನೀರು ಹೊತ್ತು ತಂದವು. ದಡಕ್ಕೆ ಬಂದ ನೀರು ತೊಗಲಚೀಲಗಳಲ್ಲಿ ಕತ್ತೆಯ ಬೆನ್ನೇರಿ ಮನೆಮನೆಗೆ ಹೋಗುತ್ತಿತ್ತು. 1939ರಲ್ಲಿ ಈ ಸಾಗಣೆಗೆಂದೇ ಒಂದು ಕಂಪನಿ ಹುಟ್ಟಿತು.

ತೈಲದ ಹಣ ಬಂದ ಮೇಲೆ ಸರ್ಕಾರ ಸಮುದ್ರವನ್ನೇ ಕಾಸಲು ಹೊರಟಿತು. 1953ರಲ್ಲಿ ಶುವೈಖ್‌ನಲ್ಲಿ ದಿನಕ್ಕೆ 10 ಲಕ್ಷ ಗ್ಯಾಲನ್, ಅಂದರೆ ಸುಮಾರು 45 ಲಕ್ಷ ಲೀಟರ್ ನೀರು ಕೊಡುವ ಸ್ಥಾವರ ಶುರುವಾಯಿತು. ಅದರ ದೊಡ್ಡ ಶತ್ರು ಕೆಟಲ್‌ನದೇ ಶತ್ರು. ಬಿಸಿ ಕೊಳವೆಗಳ ಮೈಮೇಲೆಯೇ ಕಡಲನೀರು ಕುದಿಯುವಾಗ ಕ್ಯಾಲ್ಸಿಯಂ ಕಾರ್ಬೊನೇಟ್, ಮೆಗ್ನೀಸಿಯಂ ಹೈಡ್ರಾಕ್ಸೈಡ್ ಅಲ್ಲೇ ಗಟ್ಟಿಯಾಗಿ ಅಂಟಿಕೊಂಡವು. ಪದರ ದಪ್ಪವಾದಷ್ಟೂ ಶಾಖ ಒಳಹೋಗದು, ಇಂಧನ ದಂಡ. ಆಗಾಗ ಯಂತ್ರ ನಿಲ್ಲಿಸಿ ಕೆರೆಯಬೇಕು.

ಈ ತೊಡಕಿಗೆ ದಾರಿ ತೋರಿದವರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಸಿಲ್ವರ್ ಮುಖ್ಯರು. ನೀರನ್ನು ಒತ್ತಡದಲ್ಲಿ ಕುದಿಯಗೊಡದೆ ಕಾಸಿ, ಒತ್ತಡ ಕಡಿಮೆಯಿರುವ ಕೋಣೆಗೆ ಬಿಟ್ಟರೆ ಒಂದು ಪಾಲು ಅಲ್ಲೇ ಆವಿಯಾಗುತ್ತದೆ. ಕೊಳವೆಯ ಮೇಲೆ ಕುದಿತವೇ ಇಲ್ಲವಾದ್ದರಿಂದ ಸುಣ್ಣದ ಕಾಟ ತಗ್ಗಿತು. ಇಂಥ ಕೋಣೆಗಳನ್ನು ಸಾಲಾಗಿ ಜೋಡಿಸಿದ ಬಹುಹಂತದ ಸ್ಥಾವರಗಳು 1960ರ ಹೊತ್ತಿಗೆ ಶುವೈಖ್‌ನಲ್ಲಿ ಕೆಲಸ ಆರಂಭಿಸಿ, ಮುಂದೆ ಕೊಲ್ಲಿಯ ದೇಶಗಳಿಗೆಲ್ಲ ಹರಡಿದವು.

ಬಟ್ಟಿ ಇಳಿಸಿದ ನೀರು ಸಪ್ಪೆ; ಮೇಲಾಗಿ ಅದು ಪೈಪುಗಳನ್ನು ಕೊರೆಯುತ್ತದೆ. ಹಾಗಾಗಿ ಕೊಳವೆಬಾವಿಯ ಸವುಳು ನೀರನ್ನು ಸ್ವಲ್ಪ ಬೆರೆಸಿ ಊರಿಗೆ ಬಿಡುತ್ತಾರೆ. ಕೆಟಲ್‌ನ ಸುಣ್ಣ ಬಂದದ್ದು ಈ ಬೆರಕೆಯಿಂದ.

ಅದನ್ನು ಬಿಡಿಸಲು ಹುಳಿಯೊಂದೇ ಸಾಕು. ಕೋಲಾರದ ಬೋರ್‌ವೆಲ್ ನೀರು ಕಂಡ ಕೈಗಳಿಗೆ ಇದು ಹೊಸದಲ್ಲ. ಕೆಟಲ್‌ಗೆ ಅರ್ಧ ನೀರು ಹಾಕಿ, ಒಂದು ಚಮಚ ನಿಂಬೆ ಉಪ್ಪು ಬೆರೆಸಿ ಕುದಿಸಿ, ಅರ್ಧ ಗಂಟೆ ಬಿಟ್ಟರೆ ತಳದಿಂದ ಸಣ್ಣ ಗುಳ್ಳೆಗಳು ಏಳುತ್ತವೆ, ಪದರ ಚಕ್ಕೆಚಕ್ಕೆಯಾಗಿ ಸಡಿಲುತ್ತದೆ. ನಿಂಬೆ ಉಪ್ಪು ಇಲ್ಲದಿದ್ದರೆ ವಿನೆಗರ್ ಮತ್ತು ನೀರು ಸಮಪಾಲು. ಸ್ಥಾವರಗಳ ಕೊಳವೆ ತೊಳೆಯುವುದೂ ಆಮ್ಲದಿಂದಲೇ.

ವಿನೆಗರ್ ಜೊತೆ ಅಡುಗೆ ಸೋಡಾ ಸುರಿಯುವುದು ಮಾತ್ರ ವ್ಯರ್ಥ: ನೊರೆ ಬರುತ್ತದೆ, ಆದರೆ ಎರಡೂ ಒಂದರ ಶಕ್ತಿ ಒಂದು ಕಳೆಯುತ್ತವೆ. ಬ್ಲೀಚ್ ಅನ್ನು ಹುಳಿಯ ಹತ್ತಿರವೂ ತರಬೇಡಿ, ವಿಷಾನಿಲ ಏಳುತ್ತದೆ. ಕೊನೆಗೆ ಬರಿ ನೀರನ್ನು ಒಮ್ಮೆ ಕುದಿಸಿ ಚೆಲ್ಲಿ, ಆಮೇಲೆ ಚಹಾಕ್ಕೆ ಇಡಿ.