ಕಾಂಗ್ಸ್‌ಫ್ಯೋರ್ಡೆನ್‌ನ ಕಡಲಪಾಚಿಗಳು

ಕಾಂಗ್ಸ್‌ಫ್ಯೋರ್ಡೆನ್ ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಸಮೂಹದ ಸ್ಪಿಟ್ಸ್‌ಬರ್ಗೆನ್ ದ್ವೀಪದ ಪಶ್ಚಿಮ ತೀರದಲ್ಲಿ, ಸುಮಾರು 79 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಕಡಲ ಚಾಚು. ಪಾಚಿಯೆಂದರೆ ಕೆರೆಯ ಮೇಲಿನ ಹಸಿರು ಪೊರೆ ಎಂಬುದು ಸಾಮಾನ್ಯ ತಿಳಿವಳಿಕೆ. ಇಲ್ಲಿಯ ಕೆಲ್ಪ್ ಎಂಬ ಕಂದು ಪಾಚಿಗಳಾದರೋ ಬಂಡೆಗಳಿಗೆ ಅಂಟಿಕೊಂಡು ನೀರಿನಡಿಯಲ್ಲಿ ಕಾಡಿನಂತೆ ಬೆಳೆಯುತ್ತವೆ. ಅನೇಕ ಜಲಚರಗಳಿಗೆ ಆಶ್ರಯವೂ ಆಹಾರವೂ ಆಗಿವೆ.

ಚಳಿಗಾಲದಲ್ಲಿ ಇಲ್ಲಿ ಸುಮಾರು ನಾಲ್ಕು ತಿಂಗಳು ಸೂರ್ಯೋದಯವಿಲ್ಲ. ಆರ್ಕ್ಟಿಕ್ ಪ್ರದೇಶಕ್ಕೇ ಸೀಮಿತವಾದ ಲ್ಯಾಮಿನೇರಿಯಾ ಸಾಲಿಡಂಗ್ಯುಲಾ ಎಂಬ ಪ್ರಭೇದವು ಬೇಸಿಗೆಯಲ್ಲಿ ಕೂಡಿಟ್ಟ ಶರ್ಕರಪಿಷ್ಟವನ್ನು ಬಳಸಿ ಆ ಕತ್ತಲೆಯಲ್ಲಿಯೇ ಹೊಸ ಎಲೆಯಂಥ ಭಾಗವನ್ನು ಬೆಳೆಸಿಕೊಳ್ಳುತ್ತದೆ. ನೀರು ಬೆಚ್ಚಗಾದರೆ ಉಸಿರಾಟ ಹೆಚ್ಚಿ ಈ ದಾಸ್ತಾನು ಬೇಗನೆ ಕರಗುತ್ತದೆ.

ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ನೀರು ಒಳನುಗ್ಗುತ್ತಿರುವುದರಿಂದ 2006ರಿಂದೀಚೆಗೆ ಇಲ್ಲಿ ಚಳಿಗಾಲದ ಕಡಲ ಮಂಜುಗಡ್ಡೆ ಬಹಳ ಕಡಿಮೆಯಾಗಿದೆ. ಹಾನ್ಸ್‌ನೆಸೆಟ್ ಎಂಬಲ್ಲಿ 1996–98ರ ಅಳತೆಗಳನ್ನು 2012–14ರವುಗಳೊಡನೆ ಹೋಲಿಸಿದಾಗ, 2.5 ಮೀಟರ್ ಆಳದಲ್ಲಿ ಕೆಲ್ಪ್‌ನ ಜೀವರಾಶಿ ಸುಮಾರು ಎಂಟು ಪಟ್ಟು ಹೆಚ್ಚಿತ್ತು. ಬಂಡೆಗಳನ್ನು ಕೆರೆದು ಹಾಕುತ್ತಿದ್ದ ಮಂಜುಗಡ್ಡೆ ಇಲ್ಲವಾದದ್ದೇ ಇದಕ್ಕೆ ಮುಖ್ಯ ಕಾರಣವೆನ್ನಲಾಗಿದೆ. ಆದರೆ ಇದನ್ನು ಕೇವಲ ಲಾಭವೆಂದು ಭಾವಿಸುವುದು ತಪ್ಪಾದೀತು. ಕರಗುವ ಹಿಮನದಿಗಳು ತರುವ ಹೂಳಿನಿಂದ ನೀರು ಕದಡಿ, ಬೆಳಕು ಆಳಕ್ಕೆ ಇಳಿಯದೆ, ಹಲವು ಪ್ರಭೇದಗಳ ಕೆಳಗಿನ ಮಿತಿ ಮೇಲಕ್ಕೆ ಸರಿದಿದೆ.

ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರವು 2008ರಿಂದ ಇದೇ ತೀರದ ನ್ಯೂ-ಓಲೆಸುಂಡ್‌ನಲ್ಲಿದೆ. ನೀರಿನ ಉಷ್ಣತೆ, ಲವಣಾಂಶ ಮುಂತಾದವುಗಳನ್ನು ಅಳೆಯಲು 2014ರಲ್ಲಿ ಭಾರತವು ಇಂಡ್‌ಆರ್ಕ್ ಎಂಬ ವೀಕ್ಷಣಾ ಸಾಧನವನ್ನು ಈ ಕಡಲ ಚಾಚಿನಲ್ಲಿ ಇಳಿಸಿತು.